ಒಲೆ ಕಾಣದ ಮೇಣ

“ಕಾಸಿಂಬಿಗಿ ಹುಚ್ಚು ಹಿಡಿದಿಲ್ಲವ್ವ. ಹುಚ್ಚು ಹಿಡಿದಿದ್ರ ದರ್ಗಾಕ್ಕ ಕರಕೊಂಡು ಹೋಗಿ ತಾಯತಾ ಕಟ್ಟಿಸ್ಕೊಂಡು ಬರಬಹುದಿತ್ತು. ಇದು ಅದರಪ್ಪ!”

ಇಳಕಲ್ಲಿನ ಬಣ್ಣಗಾರರ ಓಣಿಯಲ್ಲಿ ಹೀಗೆ ಹೇಳುತ್ತಿದ್ದವಳು ಎದುರುಮನೆಯ ತಾಯವ್ವ. ಉಳಿದವರದು ಇನ್ನೊಂದು ಮಾತು: “ಗಂಡ ಸತ್ತಾಕಿ ಅಳಬೇಕು, ಇಲ್ಲಾ ಜಗಳಾಡಬೇಕು. ಇಕಿ ನೋಡಿದ್ರ ಹಲಿಗಿ ಕೆರಕೋತ ಕುಂದರ್ತಾಳ!”

ಸುಳ್ಳೇನಲ್ಲ, ಕೆರೆಯುತ್ತಿದ್ದಳು. ಮೊದಲು ಹಲಗೆಗೆ ಬಟ್ಟೆಯ ಚೂರು ಅಂಟಿಸುವುದು, ಅದರ ಮೇಲೆ ಬಣ್ಣ ಬಳಿಯುವುದು, ಆಮೇಲೆ ಬಿದಿರಿನ ಸೀಳಿನಿಂದ ಕೆರೆಯುವುದು. ಯಾಕವ್ವಾ ಇದೆಲ್ಲ ಎಂದರೆ “ಸುಮ್ನ” ಎನ್ನುತ್ತಿದ್ದಳು. ಓಣಿಗೆ ನುಂಗಲಾಗದ ತುತ್ತು ಈ “ಸುಮ್ನ”. ಸಾವಿರದ ಒಂಬೈನೂರ ಹತ್ತರ ಆಚೀಚಿನ ಮಾತಿದು. ಆಗ ಇಳಕಲ್ಲಿನಲ್ಲಿ ಸುಮ್ಮನೆ ಕೈ ಆಡಿಸುವ ಹೆಂಗಸು ಯಾರಿದ್ದರು? ಮಗ್ಗದ ಮನೆಯವಳು ನೂಲು ಸುತ್ತಬೇಕು, ಬಣ್ಣದ ಮನೆಯವಳು ಬಣ್ಣದಲ್ಲಿ ಅದ್ದಿದ ನೂಲಿನ ಒದ್ದೆ ಲಡಿ ಹಿಂಡಬೇಕು. ಕೈಯೆಂದರೆ ದುಡಿಯಲಿಕ್ಕೆ, ಇಲ್ಲವೇ ಉಣ್ಣಲಿಕ್ಕೆ.

ಕಾಸಿಂಬಿಯ ತವರು ಬಾದಾಮಿ. ಇಳಕಲ್ಲಿನ ಬಣ್ಣಗಾರ ಮುರ್ತುಜಸಾಬನಿಗೆ ಕೊಟ್ಟಿದ್ದರು. ಪ್ಲೇಗಿನ ವರ್ಷ ಅವನು ತೀರಿಕೊಂಡ, ಮಕ್ಕಳಿರಲಿಲ್ಲ. ಒಂದಷ್ಟು ತಿಂಗಳು ತವರಲ್ಲಿದ್ದು ಬರಲಿ ಎಂದು ಅತ್ತೆ ಹಜರತಬಿಯೇ ಕಳಿಸಿಕೊಟ್ಟಳು. ಆ ಹೊತ್ತಿಗೆ ಬಾದಾಮಿಯ ಗುಹೆಗಳ ಚಿತ್ರ ಬರೆದುಕೊಳ್ಳಲು ಮುಂಬಯಿಯಿಂದ ಮುದಿ ಚಿತ್ರಗಾರನೊಬ್ಬ ಬಂದು ಬೀಡುಬಿಟ್ಟಿದ್ದ. ಅವನಿಗೆ ನೀರು, ರೊಟ್ಟಿ ಮುಟ್ಟಿಸುವ ಕೆಲಸ ಕಾಸಿಂಬಿಯ ಅಪ್ಪ ಖಾದರಬಾಷಾನದು. ಬಣ್ಣ ಅರೆಯಲು ಒಂದು ಕೈ ಬೇಕು ಎಂದ ಮುದುಕ. ಅಪ್ಪ ಮಗಳನ್ನು ಕರೆದೊಯ್ದ. ಕಲಿಸಿ ಪುಣ್ಯ ಕಟ್ಟಿಕೊಳ್ಳುವ ಆಸೆಯೇನೂ ಆ ಮುದುಕನಿಗಿರಲಿಲ್ಲ. ಸರಿಯಾಗಿ ಅರೆಯದಿದ್ದರೆ ಬೈಯುತ್ತಿದ್ದ, ಅಷ್ಟೆ. ಬೈಸಿಕೊಳ್ಳುತ್ತಲೇ ಅವಳು ಕಲಿತಳು. ಪುಡಿಗೆ ಅಗಸೆ ಎಣ್ಣೆ ಎಷ್ಟು ಹಿಡಿಸುತ್ತದೆ, ಕೆಳಗಿನ ಪದರ ತೆಳ್ಳಗೆ ಯಾಕಿರಬೇಕು, ಮೇಲಿನದು ಯಾವಾಗ ದಪ್ಪಗಾದೀತು. ಬರೀ ಎಣ್ಣೆಯಲ್ಲಿ ಬರೆದರೆ ಕಲ್ಲುಬಂಡೆ ಕೆರೆಯಿಂದೆದ್ದ ಎಮ್ಮೆಯ ಹಾಗೆ ಮಿರಮಿರ ಹೊಳೆಯುತ್ತದೆ. ಅದಕ್ಕೇ ಅವನು ಜೇನುಮೇಣ ಕರಗಿಸಿ, ಟರ್ಪಂಟೈನಿನಲ್ಲಿ ಕಲಸಿ ಬಣ್ಣಕ್ಕೆ ಸೇರಿಸುತ್ತಿದ್ದ. ಆಗ ಕಲ್ಲು ಕಲ್ಲಿನ ಹಾಗೇ ಕಾಣುತ್ತಿತ್ತು. ಹೊರಡುವಾಗ ಉಳಿದಿದ್ದ ಅರ್ಧ ಸೀಸೆ ಟರ್ಪಂಟೈನನ್ನು ಅವಳಿಗೆ ಬಿಟ್ಟುಹೋದ. ಹೊತ್ತೊಯ್ಯಲು ಬೇಸರವಾಗಿತ್ತೋ ಏನೋ.

ಅದನ್ನು ಸೀರೆಯಲ್ಲಿ ಸುತ್ತಿಕೊಂಡು ಕಾಸಿಂಬಿ ಇಳಕಲ್ಲಿಗೆ ಮರಳಿದಳು. ಬಣ್ಣದ ಡಬ್ಬಿ ತುಂಬಿ ಬರುತ್ತಿದ್ದ ಪೆಟ್ಟಿಗೆಗಳನ್ನು ಒಡೆದು ಹಲಗೆ ಮಾಡಿಕೊಂಡಳು. ತವರಿನ ಕೆಂಪು ಕಲ್ಲನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ ಇಟ್ಟುಕೊಂಡಳು. ಒಂದು ಸಂಜೆ ಅತ್ತೆಯ ಒಲೆಯ ಮೇಲೆ ಮೇಣವಿಟ್ಟಳು. ಕರಗಿತು. ಕೆಳಗಿಳಿಸದೆ ಹಾಗೇ ಟರ್ಪಂಟೈನ್ ಸುರಿದಳು. ಭಗ್ ಎಂದು ಎದ್ದ ಉರಿ ಹಗ್ಗದ ಮೇಲೆ ಒಣಗಿದ್ದ ಕೆಂಪು ಲಡಿಯನ್ನೂ, ಓಡಿ ಬಂದ ಹಜರತಬಿಯ ಒಂದು ಹುಬ್ಬನ್ನೂ ನೆಕ್ಕಿಬಿಟ್ಟಿತು.

ಬೂದಿ ಎರಚಿ ಬೆಂಕಿ ಆರಿಸಿದ ಮೇಲೆ ಹಜರತಬಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಕೇಳಿಲ್ಲಿ. ಅನ್ನಾ ಬೇಯಿಸು, ಬಣ್ಣಾ ಕುದಸು. ಆ ಹುಳದ ಮೇಣ ತಗೊಂಡು ನನ್ನ ಒಲಿ ಕಡೆ ಬಂದೀ ಅಂದ್ರ ಅದs ಕೊಳ್ಳಿಲೆ ಬರಿ ಎಳಿತೇನಿ. ಬಣ್ಣಾ ಅಂದ್ರ ಬಟ್ಟಿಗಿ ಹಾಕೂದು. ಹಲಿಗಿಗಿ ಹಾಕಿದ್ರ ಯಾರು ಉಡ್ತಾರ?”

“ಹುಬ್ಬು ಸುಟ್ಟದ್ದು ತಪ್ಪಾತ್ರಿ ಅತ್ತೀ,” ಎಂದಳು ಕಾಸಿಂಬಿ. “ಒಲಿ ನಿಮ್ಮದು, ಇಟ್ಕೋರಿ. ಮೇಣ ನಂದು.”

“ಒಲಿ ಇಲ್ಲದ ಹೆಂಗ ಕರಗಸ್ತೀಯ? ನಿನ್ನ ಸಿಟ್ಟಿನಾಗೇನ?”

ಹೆಂಗ ಎಂಬುದು ಕಾಸಿಂಬಿಗೂ ಗೊತ್ತಿರಲಿಲ್ಲ. ಆದರೆ ಅತ್ತೆ ಹಾಗೆ ಕೇಳಿದ ಮೇಲೆ ಕರಗಿಸದೆ ಬಿಡುವ ಜೀವ ಅದಲ್ಲ. ಈಳಿಗೆಯ ಮುಂದೆ ಕೂತು ಮೇಣವನ್ನು ಈರುಳ್ಳಿಗಿಂತ ಸಣ್ಣಗೆ ಹೆರೆದಳು. ಅಗಲ ಬಾಯಿಯ ಭರಣಿಯಲ್ಲಿ ಹಾಕಿ, ಟರ್ಪಂಟೈನ್ ಹೊಯ್ದು, ಬಾಯಿ ಬಿಗಿದು ತನ್ನ ಟ್ರಂಕಿನ ಹಿಂದೆ ಇಟ್ಟಳು. ಮರುದಿನ ನೋಡಿದರೆ ನೆನೆಸಿದ ತೌಡಿನಂತಿತ್ತು, ಮತ್ತೇನಿಲ್ಲ. ಅಲ್ಲಾಡಿಸಿ ಇಟ್ಟಳು. ಇನ್ನೊಂದು ದಿನ ಬಿಟ್ಟು ನೋಡಿದರೆ ಒಳಗೆ ಬೆಣ್ಣೆ! ಬೆರಳಿಟ್ಟರೆ ಜಾರುವಂಥ, ಬಿಸಿಯ ಸುಳಿವೇ ಇಲ್ಲದ ಬೆಣ್ಣೆ. ಎಣ್ಣೆಬಣ್ಣಕ್ಕೆ ಕಲಸಿ ಹಲಗೆಗೆ ಎಳೆದಳು. ಮುದುಕನ ಮೇಣಕ್ಕಿಂತ ಸಾವಧಾನದ ಮೇಣ ಇದು. ಬೇಗ ಬಿಗಿಯುವುದಿಲ್ಲ, ಕೆರೆದು ತಿದ್ದಲು ಬಿಡುತ್ತದೆ.

“ಅತ್ತೀ, ಕರಗೇತಿ ನೋಡ್ರಿ,” ಎಂದು ಭರಣಿಯನ್ನು ಒಲೆಯ ಮುಂದೆಯೇ ಹಿಡಿದಳು. ಹಜರತಬಿ ಮೂಗು ಮುಚ್ಚಿಕೊಂಡು ಅತ್ತ ತಿರುಗಿ ರೊಟ್ಟಿ ಬಡಿದಳು. ಆ ಹೊತ್ತು ರೊಟ್ಟಿಗೆ ಬಿದ್ದ ಏಟು ಓಣಿಯ ತುದಿಗೂ ಕೇಳಿಸಿತಂತೆ.

ಅಂಟಿಸುವುದನ್ನು ಮಾತ್ರ ಅವಳು ಯಾರಿಂದಲೂ ಕಲಿಯಲಿಲ್ಲ. ನೇಕಾರರು ಎಸೆದ ರೇಷ್ಮೆಯ ತುದಿ, ಸೆರಗಿನ ಚೂರು, ಬಣ್ಣದ ಡಬ್ಬಿಗಳ ಮೇಲಿನ ಆನೆ-ಹುಲಿಯ ಚೀಟಿ, ಎಲ್ಲ ಆಯ್ದು ತಂದಳು. ಮೊದಲು ಮೇಣದ ಮೇಲೆ ಗಂಜಿ ಹಚ್ಚಿ ಅಂಟಿಸಿದಳು, ಒಣಗಿ ಉದುರಿದವು. ಬರಿಯ ಹಲಗೆಗೆ ಅಂಟಿಸಿದಳು. ಗಂಜಿಯ ರುಚಿಗೆ ಜಿರಳೆ ಬಂದವು. ಗಂಜಿಗೆ ಬೇವಿನೆಲೆಯ ರಸ ಬೆರೆಸಿ, ಮೊದಲು ಚೂರು ಅಂಟಿಸಿ, ಒಣಗಿದ ಮೇಲೆ ಮೇಣದ ಬಣ್ಣ ಬಳಿದಾಗ ನಿಂತವು. ಕೆರೆದರೆ ಕೆಂಪು ಬಂಡೆಯ ಬಿರುಕಿನಲ್ಲಿ ರೇಷ್ಮೆಯ ಎಳೆ ಇಣುಕುತ್ತಿತ್ತು.

ಬಾದಾಮಿಯ ಗುಡ್ಡದ ಹಲಗೆಯೊಂದು ಮುಗಿದಾಗ ತಾಯವ್ವ ನೋಡಲು ಬಂದಳು. ಬಂದವಳೇ ಎರಡೂ ಕೈ ಜೋಡಿಸಿದಳು.

“ಯಾವ ದೇವರಿದು, ತಂಗೀ?”

“ದೇವರಲ್ಲ ತಾಯವ್ವಕ್ಕಾ. ಕಲ್ಲು.”

“ಕಲ್ಲಾದ್ರ ದೇವರs ಬಿಡು,” ಎಂದು ತಾಯವ್ವ ತನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ತಗೊಂಡು ಬಂಡೆಗೆ ಹಚ್ಚಹೋದಳು. ಕಾಸಿಂಬಿ ಕೈ ಹಿಡಿದಳು. “ಅಕ್ಕಾ, ಕೆಂಪ ಸಾಕಷ್ಟು ಹಾಕೇನಿ!” ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೀಗೆ ನಡೆದಿತ್ತು. ಹಗಲೆಲ್ಲ ಮನೆಯ ಬಣ್ಣ, ಸಂಜೆಯ ಬೆಳಕಿನ ಕೊನೆಯ ಚೂರು ಅವಳದು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಅದನ್ನಂತೂ ಯಾರಿಗೂ ಬಿಟ್ಟುಕೊಡುವವಳಲ್ಲ.

ಒಂದು ಮುಂಜಾನೆ ಎದ್ದು ನೋಡಿದರೆ ಗುಡ್ಡದ ಹಲಗೆ ಗೋಡೆಯಲ್ಲಿಲ್ಲ. ಬಣ್ಣದ ಪಡಸಾಲೆಗೆ ಹೋದಳು. ನೆಲದಲ್ಲಿ ಹೂಳಿದ, ನೀಲಿ ಬಣ್ಣ ತುಂಬಿದ ದೊಡ್ಡ ಮಣ್ಣಿನ ಹರವಿಗೆ ಗಾಳಿಯಾಡಬಾರದು, ಸದಾ ಮುಚ್ಚಿರಬೇಕು. ಅದರ ಬಾಯಿಯ ಮೇಲೆ ಅವಳ ಗುಡ್ಡ ಬೋರಲು ಬಿದ್ದಿತ್ತು.

ಮೈದುನ ಜಹಾಂಗೀರ ಹಿಗ್ಗಿನಿಂದಲೇ ಹೇಳಿದ: “ಭಾಬೀ, ನೋಡಿದ್ರ್ಯಾ? ಇಷ್ಟು ದಿನಾ ನಮ್ಮ ಕಣ್ಣಿಗಿ ಬೀಳಲೇ ಇಲ್ಲ. ಮೇಣ ಹಚ್ಚೀರಲ್ಲ, ನೀರ ಕುಡ್ಯಾಂಗಿಲ್ಲ, ಡೊಂಕಾಗಂಗಿಲ್ಲ. ಇಳಕಲ್ಲಾಗ ಇಂಥಾ ಮುಚ್ಚಳಾ ಯಾರ ಕಡೇನೂ ಇಲ್ಲ! ದುಂಡಗ ಕೊಯ್ದು ಇನ್ನೂ ನಾಕು ಮಾಡಿಕೊಡ್ರಿ.”

ಚುಚ್ಚಬೇಕೆಂದು ಆಡಿದ ಮಾತಲ್ಲ ಅದು. ಅವನ ಲೆಕ್ಕದಲ್ಲಿ ಅತ್ತಿಗೆಗೆ ದೊಡ್ಡ ಮರ್ಯಾದೆಯನ್ನೇ ಕೊಟ್ಟಿದ್ದ. ಕಾಸಿಂಬಿ ಹಲಗೆ ಎತ್ತಿ ತಿರುವಿದಳು. ಬಂಡೆಯ ಮೈಮೇಲೆ ನೀಲಿಯ ಒಂದು ದೊಡ್ಡ ಬಳೆ ಮೂಡಿತ್ತು.

“ನಾ ಮುಚ್ಚಳಾ ಮಾಡಿಲ್ಲ, ಜಹಾಂಗೀರ.”

“ಮತ್ತೇನು ಮಾಡೀರಿ?”

“ನೋಡಾಕ ಮಾಡೇನಿ.”

“ನೋಡಿದ್ರ ಹೊಟ್ಟಿ ತುಂಬ್ತದೇನ್ರಿ?”

“ಹೊಟ್ಟಿ ತುಂಬಾಕ ಮುಂಜಾನಿಂದ ಲಡಿ ಹಿಂಡ್ತೇನಲ್ಲ! ಸಂಜಿ ನಂದು.”

“ಈ ಮನ್ಯಾಗ ನಿಮ್ಮದs ಅಂತ ಬ್ಯಾರೆ ಸಂಜಿ ಐತೇನು?” ಜಹಾಂಗೀರನ ದನಿ ಏರಿತು. “ಮಾಡಿದ್ರ ಮನಿಗಿ ಉಪಯೋಗಕ್ಕ ಬರೂವಂಥಾದ್ದು ಮಾಡ್ರಿ. ಇಲ್ಲಂದ್ರ ಆ ಭರಣಿ, ಸೀಸೆ ನಾನs ತಿಪ್ಪಿಗಿ ಹಾಕ್ತೇನಿ.”

ಕಾಸಿಂಬಿ ಅತ್ತೆಯ ಮುಖ ನೋಡಿದಳು. ಹಜರತಬಿ ಒಲೆಯ ಬೂದಿ ಕೆದಕುತ್ತ ಹೇಳಿದಳು: “ಅಂವ ಅಂದದ್ದರಾಗ ತಪ್ಪೇನೈತಿ? ಇರೂದಾದ್ರ ಮನಿ ಮಾತು ಕೇಳಿ ಇರು. ಇಲ್ಲಾ, ಬಾಗಲಾ ತೆರದೈತಿ.”

“ಭಾಳ ಚೊಲೊ ಆತ್ರಿ,” ಎಂದಳು ಕಾಸಿಂಬಿ. ಹಲಗೆಯನ್ನು ಗೋಡೆಗೆ ಒರಗಿಸಿ, ಪಕ್ಕದಲ್ಲಿದ್ದ ಒದ್ದೆ ಲಡಿಯನ್ನು ಕೊನೆಯ ಹನಿಯವರೆಗೂ ಹಿಂಡಿ ಹಗ್ಗಕ್ಕೆ ಹಾಕಿದಳು. ಅದೇ ಆ ಮನೆಗೆ ಅವಳು ಹಿಂಡಿದ ಕಡೆಯ ಲಡಿ.

ಕೆರೂರಿನಲ್ಲಿ ಅವಳ ಚಿಕ್ಕಮ್ಮ ಮಾಬುಬಿ ಸಂತೆಯಲ್ಲಿ ಬಳೆ ಮಾರುತ್ತಿದ್ದಳು. ಮಂಡಿನೋವು, ಬುಟ್ಟಿ ಹೊರಲು ಬಾ ಎಂದು ಎಂದಿನಿಂದಲೋ ಕರೆಯುತ್ತಿದ್ದಳು. ಬರ್ತೇನಿ, ಆದರೆ ಸಂಜೆ ನಂದು ಎಂದು ಹೇಳಿಕಳಿಸಿದಳು ಕಾಸಿಂಬಿ. ಚಿಕ್ಕಮ್ಮನಿಂದ ಉತ್ತರ ಬಂತು: “ಸಂತಿ ಮುಗಿದ ಮ್ಯಾಲ ನೀ ಕುಣಿ, ನಂಗೇನು?”

ಹುನಗುಂದದ ಮೇಲಿಂದ ಕೆರೂರಿಗೆ ಹೋಗುವ ದುರಗಪ್ಪನ ಎತ್ತಿನ ಗಾಡಿ ಮನೆಯ ಮುಂದೆ ನಿಂತಿತು. ಓಣಿಗೆ ಓಣಿಯೇ ಹೊರಗೆ ಬಂದಿತ್ತು. ಹಲಗೆಗಳನ್ನು ಹುಲ್ಲಿನ ನಡುವೆ ಜೋಡಿಸಿಯಾಗಿತ್ತು. ಒಳಗೆ ಉಳಿದದ್ದು ಒಂದೇ, ಹೋದ ವಾರ ಬಳಿದದ್ದು. ಮೇಣ ಇನ್ನೂ ಹಸಿ. ಅದನ್ನು ಎರಡೂ ಅಂಗೈ ಮೇಲೆ ಮಲಗಿಸಿಕೊಂಡು ಕಾಸಿಂಬಿ ಬಾಗಿಲಿಗೆ ಬಂದಳು. ಹಜರತಬಿ ಹೊಸ್ತಿಲಲ್ಲಿ ನಿಂತಿದ್ದಳು.

“ಅದೊಂದು ಬಿಟ್ಟು ಹೋಗು.”

“ಹರವಿಗೇನ್ರಿ?”

“ಅಲ್ಲ.” ಮುದುಕಿ ದನಿ ತಗ್ಗಿಸಿದಳು. “ನಾ ಮಲಗೂ ಕೋಣ್ಯಾಗ ಇಟ್ಕೋತೇನಿ.”

ಕಾಸಿಂಬಿ ಹಲಗೆಯತ್ತ ನೋಡಿದಳು, ಅತ್ತೆಯತ್ತ ನೋಡಿದಳು. ಕೈ ಮಾತ್ರ ಸಡಿಲಾಗಲಿಲ್ಲ.

“ಕೊಡಂಗಿಲ್ರಿ ಅತ್ತೀ. ನೋಡಬೇಕನಿಸಿದಾಗ ಕೆರೂರಿಗಿ ಬರ್ರಿ. ಊಟಾ ಮಾಡಿ, ಕುಂತು ನೋಡೂವಂತ್ರಿ.”

ಹಜರತಬಿ ದಾರಿ ಬಿಟ್ಟಳು. ಹೊಸ್ತಿಲು ದಾಟುವಾಗ ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿತ್ತು. ಓಣಿಯೆಲ್ಲ ನೋಡುತ್ತಿತ್ತು. “ಸೆರಗs ತಂಗೀ, ಸೆರಗ!” ಎಂದು ತಾಯವ್ವ ಪಿಸುಗುಟ್ಟಿದಳು. ಎಳೆದುಕೊಳ್ಳಲು ಒಂದು ಕೈ ಬಿಡಬೇಕು. ಕಾಸಿಂಬಿ ಬಿಡಲಿಲ್ಲ. ಬರಿದಲೆಯಲ್ಲೇ, ಹಸಿ ಬಣ್ಣದ ಹಲಗೆಯನ್ನು ಅಲುಗಿಸದೆ, ಗಾಡಿಯ ಕಡೆ ನಡೆದಳು.