ಎಣಿಸದ ಕುರಿಗಳೂ ಉದಗೀರದ ಸಂದರ್ಶನವೂ

ಮುರುಮದಿಂದ ಬೆಳಗಿನ ಮೊದಲ ಬಸ್ಸಿಗೆ ನಾನೂ ನನ್ನ ಅಕ್ಕನ ಮಗಳು ಶೋಭಾಳೂ ಹೊರಟೆವು. ಮೈ ಕೊರೆಯುವ ಥಂಡಿ. ಕಿಟಕಿಯ ಗಾಜು ಜಪ್ಪಯ್ಯ ಅಂದರೂ ಮುಚ್ಚಲಿಲ್ಲ. ಉದಗೀರದ ಹತ್ತಿರ ಒಂದು ಕುರಿ ಫಾರ್ಮಿನಲ್ಲಿ ಮೇಲ್ವಿಚಾರಕಿಯ ಕೆಲಸಕ್ಕೆ ಆಕೆಗೆ ಸಂದರ್ಶನವಿತ್ತು. ಪಶುಪಾಲನೆಯ ಡಿಪ್ಲೊಮಾ ಮುಗಿಸಿದ ಮೇಲೆ ಇದು ಮೂರನೆಯದು. ಹಿಂದಿನ ಎರಡರಲ್ಲೂ ಹುಡುಗಿ ಸಾಹೇಬರ ಮುಂದೆ ಬಾಯಿ ಬಿಡದೆ ಎದ್ದು ಬಂದಿದ್ದಳು. ಇದೂ ಹೋದರೆ ಇನ್ನು ಅರ್ಜಿಯೇ ಹಾಕುವುದಿಲ್ಲ ಅಂತ ಹಟ ಹಿಡಿದಿದ್ದಳು. ಅದಕ್ಕೇ ನಾನು ಬೆನ್ನಿಗೆ.

ಉಮರ್ಗಾದಲ್ಲಿ ಬಸ್ಸು ಬದಲಿಸಿದೆವು. ಮಹಾರಾಷ್ಟ್ರದ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೀಟು, ನನಗೆ ಪೂರ್ತಿ. "ಮಾಮಾ, ಸಂದರ್ಶನ ನಂದು, ಟಿಕೀಟು ನಿಂದೇ ಭಾರಿ ಆಯ್ತು ನೋಡು," ಅಂದಳು. ನಕ್ಕಿದ್ದು ಅಷ್ಟೇ, ಬಸ್ಸು ಕಾಸಾರಶಿರಸಿ ದಾರಿ ಹಿಡಿದಾಗ ಮತ್ತೆ ಸಪ್ಪಗಾದಳು.

ನಾನೇ ಸಾಹೇಬನಾಗಿ ಪಾಠ ಶುರು ಮಾಡಿದೆ. "ಕೇಳಿ ಒಳಗ ಹೋಗು. ಕೂಡು ಅಂದಮ್ಯಾಗ ಕೂಡು. ಕಾಲು ಅಲ್ಲಾಡಸಬ್ಯಾಡ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು, ಸುಳ್ಳು ಹೇಳಬ್ಯಾಡ."

ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿದಳು. "ತಮ್ಮಾ, ನಡುವ ಆಕಿಗಿ ಉಸರಾಡ್ಲಿಕ್ಕರ ಬಿಡು."

"ಮನ್ಯಾಗ ಕುರಿ ಎಷ್ಟವ?" ಅಂತ ಕೇಳಿದೆ. "ಅದನ್ನ ಯಾರು ಎಣಿಸ್ಯಾರ?" ಅಂದಳು ಶೋಭಾ. ನಮ್ಮದು ಕುರಿಗಾರರ ದೇವರು ಬೀರಪ್ಪನ ಒಕ್ಕಲು. ಮನೆಯ ಕುರಿಗಳನ್ನು ಯಾರೂ ಎಣಿಸುವುದಿಲ್ಲ, ಎಣಿಸಿದರೆ ದೃಷ್ಟಿ ತಾಗುತ್ತದೆ ಅಂತ ಹಿರಿಯರ ನಂಬಿಕೆ.

"ಐವತ್ತು ಅಂತ ಹೇಳಿಬಿಡು," ಅಂದೆ.

"ಈಗಷ್ಟೇ ಸುಳ್ಳು ಹೇಳಬ್ಯಾಡ ಅಂದಿ!"

"ಅದು ಸುಳ್ಳಲ್ಲ, ಅಂದಾಜು."

ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು.

ನಿಲಂಗಾದ ಬಸ್ಸ್ಟ್ಯಾಂಡಿನಲ್ಲಿ ಅಕ್ಕ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾಹಿಂಡಿ ಬಿಚ್ಚಿದೆವು. ಶೋಭಾ ತಿಂದದ್ದು ಅರ್ಧ ರೊಟ್ಟಿ. ಅಲ್ಲಿಂದ ಉದಗೀರಕ್ಕೆ ಹೆಚ್ಚುಕಡಿಮೆ ಎರಡು ತಾಸು, ಆಮೇಲೆ ಆಟೋ.

ಫಾರ್ಮಿನ ಆಫೀಸಿನ ಕಿಟಕಿ ತೆರೆದಿತ್ತು. ನಾನು ಹೊರಗೆ ಬೇವಿನ ನೆರಳಿಗೆ ಕೂತು ಕಿವಿ ಅಲ್ಲೇ ಇಟ್ಟೆ. ಒಳಗಿದ್ದವರು ಫಾರ್ಮಿನ ಮಾಲಕರು, ಜೊತೆಗೊಬ್ಬರು ಪಶುವೈದ್ಯೆ, ಎಲ್ಲರೂ ಡಾಕ್ಟರ್ ಬಾಯಿ ಅನ್ನುವವರು. ರೋಗ, ಲಸಿಕೆಯ ಪ್ರಶ್ನೆಗಳಿಗೆ ಶೋಭಾ ಮರಾಠಿಯಲ್ಲಿ ಮೆಲ್ಲಗೆ ಉತ್ತರ ಕೊಟ್ಟಳು. ಆಮೇಲೆ ಬಂತು: "ಘರೀ ಮೇಂಢ್ಯಾ ಕಿತೀ?" ಮನೆಯಲ್ಲಿ ಕುರಿ ಎಷ್ಟು?

ಮುಗಿಯಿತು, ಇದೂ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಆಕೆಯ ದನಿ ಕೇಳಿತು, ಕನ್ನಡದಲ್ಲೇ: "ಗೊತ್ತಿಲ್ಲ ಸರ್. ನಾವು ಎಣಿಸೋದಿಲ್ಲ."

ಮಾಲಕರು ಜೋರಾಗಿ ನಕ್ಕು ತಾವೂ ಕನ್ನಡಕ್ಕೆ ತಿರುಗಿದರು. "ನಿಮ್ಮವೇ ಗೊತ್ತಿಲ್ಲ, ನನ್ನವು ಹೆಂಗ ಕಾಯ್ತಿ?"

"ನಿಮ್ಮವು ಎಣಿಸಿ ಬರೀತೀನಿ ಸರ್. ಆದ್ರ ಸಂಜಿಗಿ ಒಂದು ಕಡಿಮಿ ಬಂದ್ರ ಎಣಿಸದೆಯೂ ಹೇಳ್ತೀನಿ. ಒಂದೊಂದರ ಮಾರಿ ಗುರುತಿರತದ."

ಪರೀಕ್ಷೆ ಮಾಡೇಬಿಡೋಣ ಅಂತ ಎಲ್ಲರೂ ಹಿಂದಿನ ದೊಡ್ಡಿಗೆ ನಡೆದರು. ನಾನೂ ಬೇಲಿಯ ಹೊರಗೆ ನಿಂತೆ. ಶೋಭಾ ಒಂದು ಗಳಿಗೆ ಕುರಿಗಳ ನಡುವೆ ಅಡ್ಡಾಡಿ ಬೆನ್ನು ತಿರುಗಿಸಿ ನಿಂತಳು. ಆಳು ಒಂದನ್ನು ಶೆಡ್ಡಿನೊಳಗೆ ಸರಿಸಿದ.

ತಿರುಗಿ ನೋಡಿದಳು. "ಎಡಗಿವಿ ಹರಿದಿದ್ದ ಕರೀದು ಇಲ್ಲ. ಮತ್ತ ಆ ಮೂಲ್ಯಾಗಿನ ಬಿಳೀದು ಮುಂದಿನ ಬಲಗಾಲು ಊರವಲ್ದು, ಗೊರಸು ನೋಡ್ರಿ."

ಡಾಕ್ಟರ್ ಬಾಯಿ ಕುಕ್ಕರಗಾಲಲ್ಲಿ ಕೂತು ಗೊರಸು ಎತ್ತಿ ನೋಡಿದರು. ಒಳಗೆ ಕೊಳೆಯಲು ಹತ್ತಿತ್ತು. "ನಾನು ನಿನ್ನೆ ಇಲ್ಲೇ ಇದ್ದೆ, ಕಾಣಲಿಲ್ಲ," ಅಂದರು, ತಮಗೆ ತಾವೇ ಅನ್ನುವ ಹಾಗೆ. ಮಾಲಕರು ಈಗ ನಗಲಿಲ್ಲ. "ಸೋಮವಾರದಿಂದ ಬಾರವ್ವಾ," ಅಂದರು.

ನಿಲಂಗಾಕ್ಕೆ ಮರಳಿದಾಗ ಆಕೆ ಎರಡು ಪ್ಲೇಟು ಮಂಡಕ್ಕಿ ಒಗ್ಗರಣೆಯ ಸುಸಲಾ, ಮೇಲೊಂದಿಷ್ಟು ಮಿರ್ಚಿಭಜಿ ಖಾಲಿ ಮಾಡಿದಳು. ಬೆಳಗಿನ ಉಳಿದರ್ಧ ರೊಟ್ಟಿಯನ್ನೂ ಬಿಡಲಿಲ್ಲ. ಉಮರ್ಗಾದವರೆಗೂ ಆಕೆಯದೇ ಮಾತು; ಈಗ ಆಕೆ ನನಗೆ ಉಸಿರಾಡಲು ಬಿಡಲಿಲ್ಲ.

ಹೊತ್ತು ಮುಳುಗುವ ಮುಂಚೆ ಮನೆ ಮುಟ್ಟಿದೆವು. ಭಾವ ಕುರಿ ಹೊಡಕೊಂಡು ಬರುತ್ತಿದ್ದರು. ಶೋಭಾ ಕೈಯೊಳಗಿನ ಫೈಲು ಸಹ ಇಡದೆ ದೊಡ್ಡಿಯ ಬಾಗಿಲಿಗೆ ನಿಂತು, ಒಂದೊಂದರ ಮುಖ ನೋಡಿ ಒಳಗೆ ಬಿಟ್ಟಳು.

"ಎಲ್ಲಾ ಬಂದವೇನು?" ಅಂದೆ.

"ಬಂದವು ಮಾಮಾ."

"ಎಷ್ಟು?"

"ಎಣಿಕಿ ಉದಗೀರದಾಗ, ಸೋಮವಾರ ಬಂದು ಕೇಳು," ಅಂದು ಅಗಳಿ ಹಾಕಿದಳು.