ದಕ್ಷಿಣಕ್ಕೆ ತಿರುಗಿದ ಸೋಲಾರ್

ತಿರ್ಲಾಪುರದ ನಮ್ಮ ಓಣಿಯ ಕೂಸುಗಳಿಗೆಲ್ಲ ಬಿಸಿನೀರು ಎರೆದವರು ನಮ್ಮತ್ತೆ. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡರೆ ಮುಗಿಯಿತು, ಬಚ್ಚಲು ಅವರದೇ ರಾಜ್ಯ. ಆದರೆ ಹತ್ತಿಕಟ್ಟಿಗೆಯ ಹೊಗೆಯಲ್ಲಿ ಹಂಡೆ ಕಾಯಿಸಿ ಕಾಯಿಸಿ ಎದೆ ಕೆಟ್ಟಿತು. "ಇನ್ನ ಒಲಿ ಮುಂದ ಕೂಡಬ್ಯಾಡ್ರಿ," ಎಂದು ಡಾಕ್ಟರು ಕಡಾಖಂಡಿತವಾಗಿ ಹೇಳಿದರು. ನನ್ನ ಮಗಳ ಹೆರಿಗೆ ಹತ್ತಿರವಿತ್ತು. ಮೊಮ್ಮಗಳ ಕೂಸಿಗೆ ಎರೆಯದೆ ಇದ್ದೇನು ಮಾಡಲಿ ಎಂದು ಅತ್ತೆ ಅತ್ತೇಬಿಟ್ಟರು.

ನಾನು ಹಠ ಹಿಡಿದು ನೀರು ಕಾಯಿಸುವ ಸೋಲಾರ್ ತರಿಸಿದೆ. ಕೂಡಿಸಲು ಬಂದವನು ಗಾಜಿನ ಕೊಳವೆ ತೋರಿಸಿದಾಗ ಬಾಯಿ ತೆರೆದು ನಿಂತೆ. ಒಂದರೊಳಗೊಂದು ಎರಡು ಗಾಜು, ನಡುವೆ ಗಾಳಿಯೂ ಇಲ್ಲ, ಒಳಗಿನದಕ್ಕೆ ಕಪ್ಪು ಲೇಪ. ಬಿಸಿಲು ಒಳಹೋಗುತ್ತದೆ, ಕಾವು ಹೊರಬರುವುದಿಲ್ಲ. ಕಾದ ನೀರು ಹಗುರಾಗಿ ಮೇಲಿನ ಟಾಕಿಗೆ ಏರುತ್ತದೆ, ತಣ್ಣನೆಯದು ತಾನೇ ಕೆಳಗಿಳಿದು ಕೊಳವೆ ಸೇರುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ! ಟಾಕಿಗೆ ದಪ್ಪ ಫೋಮಿನ ಕೌದಿ ಬೇರೆ, ಬೆಳತನಕ ಬಿಸಿ ಆರದಂತೆ. ಅಬ್ಬಬ್ಬಾ, ಇದನ್ನು ಮಾಡಿದವರ ತಲೆಯೇ ತಲೆ.

"ಕೊಳವಿ ದಕ್ಷಿಣಕ್ಕ ಮುಖ ಮಾಡಿರಬೇಕ್ರಿ," ಎಂದ ಅವನು.

"ಯಮನ ದಿಕ್ಕಿಗಿ? ಬಾಣಂತಿ ಇರೂ ಮನ್ಯಾಗ? ಮೂಡಣಕ್ಕ ಹಚ್ಚು," ಎಂದರು ಅತ್ತೆ. ಶಾಲೆಯಲ್ಲಿ ಪಾಠ ಹೇಳುವ ನಾನೂ ತಲೆಯಾಡಿಸಿ ಮೂಡಣಕ್ಕೇ ಹಚ್ಚಿಸಿದೆ. ಇವತ್ತಿಗೂ ನಾಚಿಕೆಯಾಗುತ್ತದೆ.

ಚಳಿಗಾಲದಲ್ಲಿ ಕೂಸು ಮನೆಗೆ ಬಂತು. ಮಧ್ಯಾಹ್ನವಾಗುತ್ತಲೇ ಬಿಸಿಲು ಕೊಳವೆಗಳ ಬೆನ್ನಿಗೆ ಸರಿಯುತ್ತಿತ್ತು, ಹೀಗಾಗಿ ಬೆಳಗಿನ ನೀರು ಉಗುರುಬೆಚ್ಚಗೆ. ಅತ್ತೆ ಅದನ್ನು ಚೆಲ್ಲಿ ಒಲೆ ಹೊತ್ತಿಸಿದರು. ಎರೆಯುತ್ತಿರುವಾಗಲೇ ಕೆಮ್ಮು ಒತ್ತಿಬಂತು, ಕೂಸು ಕಾಲಿನಿಂದ ಜಾರಿತು. ನಾನು ಹಿಡಿಯದಿದ್ದರೆ ಏನಾಗುತ್ತಿತ್ತೋ!

ಆಗ ಬಾಯಿಬಿಟ್ಟೆ. "ಅತ್ತಿ, ಈ ದಿನದಾಗ ನಡು ಮಧ್ಯಾಹ್ನ ನಮ್ಮ ನೆರಳು ಯಾವ ಕಡೆ ಬೀಳತೈತ್ರಿ?"

"ಬಡಗಣಕ್ಕ."

"ಹಂಗಾರ ಸೂರ್ಯಾ ಎಲ್ಲಿ ನಿಂತಾನ್ರಿ?"

ಅತ್ತೆ ದಕ್ಷಿಣಕ್ಕೊಮ್ಮೆ ಕತ್ತು ಹೊರಳಿಸಿದರು. "ಸೂರ್ಯಾನ ಅಲ್ಲಿ ಹೋಗಿ ನಿಂತಾನಂದ್ರ ನಾವ್ಯಾವ ದೊಡ್ಡಾವ್ರು? ತಿರುಗಸ್ರಿ," ಎಂದರು.

ತಿರುಗಿಸಿದ ಮೇಲೆ ಎರಡು ದಿನ ಬಿಸಿಲು ಬಿದ್ದಿತ್ತು. ಬೆಳಿಗ್ಗೆ ನಳ ಬಿಟ್ಟ ಅತ್ತೆ ಚಟ್ಟನೆ ಕೈ ಹಿಂದೆಗೆದರು. "ಹಾ! ಸುಟ್ಟೀತು ಕೂಸು! ತಣ್ಣೀರ ತಾ ಲಗೂನ! ಏನ್ ನೋಡಕೋತ ನಿಂತಿ?"

ಓಡಿಹೋಗಿ ಒಂದು ಕೊಡ ತಣ್ಣೀರು ತಂದೆ. ತಂದದ್ದು ತಡವಾಯಿತೆಂದು ಬೈದರು, ಕೊಡ ಇಟ್ಟ ಜಾಗ ಸರಿಯಿಲ್ಲವೆಂದು ಬೈದರು, ಕೂಸಿನ ಮೈ ಒರೆಸಿ ಮುಗಿಸುವ ತನಕ ಬೈಯುತ್ತಲೇ ಇದ್ದರು. ನಡುವೆ ಒಂದು ಸಲವೂ ಕೆಮ್ಮಲಿಲ್ಲ. ನಾನು ಬಚ್ಚಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಬೈಸಿಕೊಂಡೆ.