ಹಲ್ಲಣ್ಣನ ಒಂದನೇ ನಂಬರು

ಹಲ್ಲಣ್ಣ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದದ್ದು ಬಾಯಿ. ಮುಖ, ಮೂಗು, ಬಟ್ಟೆ ಎಲ್ಲ ಆಮೇಲೆ. ಕಟ್ಟು ಹಲ್ಲು ಮಾಡುವುದು ಅವನ ಕಸುಬು. ದಂತವೈದ್ಯರು ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ತಿಕ್ಕಿ, ಹೊಳಪು ಕೊಡುತ್ತಿದ್ದ. ಬೀದಿಯಲ್ಲಿ ಯಾರೋ ಅಪರಿಚಿತರು ನಕ್ಕುಕೊಂಡು ಎದುರಾದರೆ, "ಅದು ನಮ್ಮದೇ, ಮೇಲ್ಗಡೆಯದು" ಎಂದು ಹೆಂಡತಿಯ ಕಿವಿಯಲ್ಲಿ ಹೇಳುತ್ತಿದ್ದ. ಅವಳು ಮೊಣಕೈಯಿಂದ ತಿವಿಯುತ್ತಿದ್ದಳು.

ಅವನ ಕೆಲಸದ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ತುಂಬ ಬಿಳಿ ದವಡೆಗಳು. ಅತ್ತಿಗೆ ಬಾಗಿಲು ದಾಟುವಾಗಲೆಲ್ಲ ಅವುಗಳ ಕಡೆ ನೋಡಿ, "ಇಷ್ಟು ಜನ ಹಲ್ಲು ಕಿರಿದುಕೊಂಡು ಕೂತಿದಾರೆ, ನಿನ್ನ ಮಾತಿಗೆ ಮಾತ್ರ ಯಾರೂ ನಗಲ್ಲ ನೋಡು" ಅನ್ನುತ್ತಿದ್ದರು.

ಅತ್ತಿಗೆ ಎಂದರೆ ಅವನ ಅಣ್ಣನ ಹೆಂಡತಿ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿ ವರ್ಷಗಳೇ ಕಳೆದಿದ್ದರೂ ಕೊನೆಯ ಸೀಟಿಗೆ ಕೇಳಿಸುವಂಥ ದನಿ ಹಾಗೇ ಉಳಿದಿತ್ತು. ಪ್ರತಿ ಭಾನುವಾರ ಮಧ್ಯಾಹ್ನ ಬಂದು, ಪಾಲಿಷ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಮೈದುನನ ಜೊತೆ ಜಗಳಕ್ಕೆ ಇಳಿಯುತ್ತಿದ್ದರು. ಜಗಳದ ವಿಷಯ ಒಂದೇ. ಇದುವರೆಗಿನ ಬಾಕ್ಸರುಗಳಲ್ಲೆಲ್ಲ ಒಂದನೇ ನಂಬರು ಯಾರದು?

ಇದು ಶುರುವಾದದ್ದು ಅಣ್ಣ ತೀರಿಕೊಂಡಾಗ. ಅಣ್ಣ ಹರೆಯದಲ್ಲಿ ಕ್ಲಬ್ಬಿನಲ್ಲಿ ಬಾಕ್ಸಿಂಗ್ ಆಡಿದವನು. ಗೆದ್ದದ್ದಕ್ಕಿಂತ ಏಟು ತಿಂದದ್ದೇ ಹೆಚ್ಚು. ಅವನು ಹೋದ ಮೇಲೆ ಅತ್ತಿಗೆಯ ಮನೆಗೆ ಬಂದವರೆಲ್ಲ ಮೆಲುದನಿಯಲ್ಲಿ ಮಾತಾಡಿದರು, ಅವರು ಹೇಳಿದ್ದಕ್ಕೆಲ್ಲ ಹೌದು ಹೌದು ಎಂದರು. ಉಪ್ಪು ಜಾಸ್ತಿಯಾಗಿದ್ದರೂ ಚೆನ್ನಾಗಿದೆ ಎಂದು ತಿಂದು ಹೋದರು. ಹಲ್ಲಣ್ಣ ಮಾತ್ರ ಏನು ಹೇಳುವುದೆಂದು ತೋಚದೆ, "ಅಣ್ಣ ಶುಗರ್ ರೇ ರಾಬಿನ್ಸನ್ನೇ ಎಲ್ಲರಿಗಿಂತ ದೊಡ್ಡವನು ಅಂತಿದ್ದ. ಅದು ತಪ್ಪು ಅತ್ತಿಗೆ" ಎಂದುಬಿಟ್ಟ.

ಅತ್ತಿಗೆಗೆ ಮೈಯೆಲ್ಲ ಉರಿಯಿತು. ಗಂಡನ ಜೊತೆ ಕೂತು ನೋಡಿದ್ದ ಹಳೆಯ ಪಂದ್ಯಗಳೆಲ್ಲ ಒಮ್ಮೆಲೇ ನೆನಪಾದವು. ಆವತ್ತು ಅವರು ಸಂಜೆಯವರೆಗೆ ವಾದ ಮಾಡಿದರು. ಮೈದುನ ಹೋದ ಮೇಲೆ ಹಸಿವಾಗಿದೆ ಎಂದು ಗೊತ್ತಾಯಿತು.

ವಾದಕ್ಕೆ ಒಂದು ಕಟ್ಟಳೆಯಿತ್ತು, ಅದು ಅಣ್ಣ ಬದುಕಿದ್ದಾಗ ಮಾಡಿಟ್ಟದ್ದೇ. ತನ್ನವನನ್ನು ಹೊಗಳುವ ಮುಂಚೆ ತನ್ನವನ ಅತಿ ಕೆಟ್ಟ ಸೋಲನ್ನು ಬಾಯಿಬಿಟ್ಟು ಹೇಳಬೇಕು. ಗಂಡನ ರಾಬಿನ್ಸನ್ನನ್ನೇ ಹಿಡಿದಿದ್ದ ಅತ್ತಿಗೆ ಸೆಖೆಯ ರಾತ್ರಿಯ ಒಂದು ಪಂದ್ಯ ಹೇಳುತ್ತಿದ್ದರು. ರಾಬಿನ್ಸನ್ ತನಗಿಂತ ಭಾರದವನಾದ ಜೋಯಿ ಮ್ಯಾಕ್ಸಿಮ್‌ನ ಎದುರು ಗೆಲ್ಲುತ್ತಲೇ ಇದ್ದ. ಧಗೆಗೆ ರೆಫರಿಯೇ ಸುಸ್ತಾಗಿ ಇನ್ನೊಬ್ಬ ಬರಬೇಕಾಯಿತು. ಕೊನೆಗೆ ಹದಿನಾಲ್ಕನೇ ಸುತ್ತಿಗೆ ರಾಬಿನ್ಸನ್ ಸ್ಟೂಲಿನಿಂದ ಏಳಲಿಲ್ಲ. ಹಲ್ಲಣ್ಣನ ಒಂದನೇ ನಂಬರು ಮುಹಮ್ಮದ್ ಅಲಿ. ಕೆನ್ ನಾರ್ಟನ್ ಅಲಿಯ ದವಡೆ ಮುರಿದದ್ದನ್ನು ಅವನು ಕೆಟ್ಟ ಸೋಲೆಂದು ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅದನ್ನೇ ಹೊಗಳಿಕೆ ಮಾಡಿಬಿಡುತ್ತಿದ್ದ.

"ಮುರಿದ ದವಡೆ ಇಟ್ಕೊಂಡು ಕೊನೇ ಸುತ್ತಿನವರೆಗೂ ನಿಂತ ಅತ್ತಿಗೆ. ದವಡೆ ಅಂದ್ರೇನು ಅಂತ ನನಗೆ ಗೊತ್ತು. ನಿಮಗೆ ಹಲ್ಲು ಕೀಳಿಸಿದ ದಿನ ಎರಡು ಬೀದಿಗೆ ಕೇಳೋ ಹಾಗೆ ಕೂಗಿದ್ರಿ."

"ನನ್ನ ಹಲ್ಲಿನ ಸುದ್ದಿ ಬಿಡು. ನಿನ್ನವನ ಮಾತೆಲ್ಲ ಬರೀ ಬಡಾಯಿ, ಆಡಿದ್ದು ಭಾರದವರ ಜೊತೆ ಮಾತ್ರ. ಎಲ್ಲರ ತೂಕ ಒಂದೇ ಆಗಿದ್ರೆ ನನ್ನವನ ಕೈಗೆ ಸಿಕ್ಕಿ ಚಿಂದಿಯಾಗ್ತಿದ್ದ."

"ನಾನು ಮಾಡಿಕೊಟ್ಟ ಹಲ್ಲಲ್ಲೇ ನನ್ನನ್ನ ಕಚ್ತೀರಲ್ಲ."

"ಚೆನ್ನಾಗಿ ಮಾಡಿದೀಯ, ಅದಕ್ಕೇ ಕಚ್ಚುತ್ತೆ."

ಹೆಂಡತಿ ಚಹಾ ತಂದಿಟ್ಟು, "ಇಬ್ಬರೂ ಸತ್ತು ಯಾವ ಕಾಲವಾಯ್ತು, ಇನ್ನೂ ಹೊಡೆದಾಡಿಸ್ತಾ ಇದೀರಲ್ಲ" ಎಂದು ಹೋಗುತ್ತಿದ್ದಳು. ಅವಳಿಗೆ ಬಾಕ್ಸಿಂಗ್ ಎಂದರೆ ತಲೆನೋವು.

ಹೀಗೇ ವರ್ಷಗಳು ಕಳೆದು ಹಲ್ಲಣ್ಣನ ಎದೆ ಕೆಟ್ಟಿತು. ಮೊದಲು ಮೆಟ್ಟಿಲು ಹತ್ತುವಾಗ ಏದುಸಿರು, ಆಮೇಲೆ ಕೂತಲ್ಲೇ. ಡಾಕ್ಟರು ಧೂಳಿನ ಕೆಲಸ ಬಿಡಿಸಿದರು. ಮಂಚ ಕಿಟಕಿಯ ಹತ್ತಿರ ಬಂತು, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್ ನಿಂತಿತು. ಇನ್ನು ಹೆಚ್ಚು ದಿನವಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನೋಡಲು ಬಂದವರು ಮೆಲುದನಿಯಲ್ಲಿ ಮಾತಾಡಿದರು. ಹಳೆಯ ಗಿರಾಕಿಯೊಬ್ಬರು, ಕೆಳಗಿನ ಸೆಟ್ಟು ಸಡಿಲವಾಗಿದೆಯೆಂದು ವರ್ಷಪೂರ್ತಿ ಗೊಣಗಿದವರು, ಇಂಥ ಹಲ್ಲು ಲೋಕದಲ್ಲೇ ಇಲ್ಲ ಎಂದು ಕೈ ಹಿಡಿದುಕೊಂಡರು. ಹಲ್ಲಣ್ಣ ಅವರ ಬಾಯನ್ನೇ ನೋಡುತ್ತಿದ್ದ. ಅವರು ಮಾತಾಡುವಾಗ ಕೆಳಗಿನ ಸೆಟ್ಟು ಕುಣಿಯುತ್ತಿತ್ತು.

ಒಂದು ಭಾನುವಾರ ಅತ್ತಿಗೆ ಬಂದಾಗ ಅವನು ದಿಂಬಿಗೆ ಒರಗಿ ಕಾಯುತ್ತಿದ್ದ. ಕ್ಷೌರ ಮಾಡಿಸಿಕೊಂಡಿದ್ದ. "ಬನ್ನಿ ಅತ್ತಿಗೆ. ಇವತ್ತು ನಾನೇ ಮೊದಲು" ಎಂದ. ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದ. ಕತ್ತಿನ ನರಗಳು ಹಗ್ಗದ ಹಾಗೆ ಎದ್ದು ನಿಲ್ಲುವುದನ್ನು ಅತ್ತಿಗೆಗೆ ನೋಡಲಾಗಲಿಲ್ಲ.

"ಆಯ್ತು ಕಣಪ್ಪ, ಸುಮ್ನೆ ಯಾಕೆ ಆಯಾಸ" ಎಂದರು. "ನೀನು ಹೇಳಿದ್ದೇ ಸರಿ. ಅಲಿನೇ ಒಂದನೇ ನಂಬರು."

ಹಲ್ಲಣ್ಣ "ನೀವೂನಾ" ಎಂದಷ್ಟೇ ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿದ. ಚಹಾ ಆರಿತು. ಅತ್ತಿಗೆ ಎದ್ದು ಹೋಗುವವರೆಗೂ ಅವನು ಈ ಕಡೆ ತಿರುಗಲಿಲ್ಲ.

ವಾರವಿಡೀ ಅವರಿಗೆ ಅನ್ನ ರುಚಿಸಲಿಲ್ಲ. ಒಳ್ಳೆಯದಕ್ಕೇ ಹೇಳಿದೆನಲ್ಲ, ಅದಕ್ಕೆ ಇಷ್ಟು ಮುನಿಸೇ ಎಂದು ಒಮ್ಮೆ ಸಿಟ್ಟು ಬರುತ್ತಿತ್ತು. ಮರುಗಳಿಗೆಗೆ ಆ ತಿರುಗಿದ ಬೆನ್ನು ಕಣ್ಣಿಗೆ ಕಟ್ಟುತ್ತಿತ್ತು.

ಮುಂದಿನ ಭಾನುವಾರ ಹೋದಾಗ ಹಲ್ಲಣ್ಣ ಕೂರಲು ಹೇಳಲಿಲ್ಲ. ನೇರವಾಗಿ ಶುರು ಮಾಡಿದ.

"ನನ್ನವನ ಕೆಟ್ಟ ಸೋಲು ದವಡೆ ಮುರಿದದ್ದಲ್ಲ ಅತ್ತಿಗೆ. ಇಷ್ಟು ವರ್ಷ ಸುಳ್ಳು ಹೇಳಿದೆ. ಲ್ಯಾರಿ ಹೋಮ್ಸ್ ಜೊತೆದು." ಉಸಿರು ತೆಗೆದುಕೊಂಡ. "ವಯಸ್ಸಾಗಿತ್ತು. ಮೈ ನೆಟ್ಟಗಿರಲಿಲ್ಲ. ಹತ್ತು ಸುತ್ತು ಸುಮ್ನೆ ತಿಂದ. ಅವನ ಕಡೆಯವರೇ ನಿಲ್ಲಿಸಿದ್ರು."

"ಗೊತ್ತು."

"ಅದಲ್ಲ ಕೆಟ್ಟದ್ದು." ಮತ್ತೆ ನಿಲ್ಲಿಸಿದ. "ಹೋಮ್ಸ್ ಪಾಪ ಅಂತ ಕೈ ತಡೆದು ಹೊಡೀತಿದ್ದ ಅಂತಾರಲ್ಲ, ಅದು. ಸೋತಿದ್ದು ಸೋತ, ಪರವಾಗಿಲ್ಲ. ಎದುರಿಗೆ ನಿಂತವನು ಪಾಪ ಅಂದುಬಿಟ್ರೆ ಆ ರಿಂಗಲ್ಲಿ ಇನ್ನೇನು ಉಳೀತು?"

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು. ಗಂಡ ಸತ್ತ ಮನೆಯಲ್ಲಿ ತಮ್ಮ ಎದುರು ನಿಂತು ತಪ್ಪು ಎಂದು ಹೇಳಿದವನು ಇವನೊಬ್ಬನೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಬಸ್ಸಿನ ದನಿ ಬಂತು.

"ಸರಿ ಹಾಗಾದ್ರೆ, ತಗೋ. ಈ ಮಾತು ನಿನಗೆ ನೋವಾಗುತ್ತೆ ಅಂತ ಇಷ್ಟು ವರ್ಷ ಇಟ್ಕೊಂಡಿದ್ದೆ. ನಿನ್ನ ಅಲಿನೇ ರಾಬಿನ್ಸನ್‌ನ 'ನನ್ನ ಆರಾಧ್ಯ ದೈವ, ನನಗಿಂತ ದೊಡ್ಡ ರಾಜ' ಅಂತ ಬಾಯಿತುಂಬ ಹೇಳ್ಕೊಂಡಿದ್ದ. ಒಂದನೇ ನಂಬರಿನವನೇ ಇನ್ನೊಬ್ಬನ್ನ ತೋರಿಸಿ ಅವನೇ ಒಂದು ಅಂದ ಮೇಲೆ ನಿನ್ನದೇನೋ ಮಧ್ಯೆ?"

ಹಲ್ಲಣ್ಣ ದಿಂಬು ಬಿಟ್ಟು ಮುಂದೆ ಬಾಗಿದ. ಕೆನ್ನೆಗೆ ಬಹಳ ದಿನದ ಮೇಲೆ ಬಣ್ಣ ಬಂತು. "ಅದು... ಅದು ಹಾಗಲ್ಲ ಅತ್ತಿಗೆ..." ಎಂದು ಏಳಲು ಹೋದ.

"ಮಲಗು. ಉತ್ತರ ಇದ್ರೆ ಹೇಳು, ಇಲ್ದಿದ್ರೆ ಸೋತೆ ಅನ್ನು."

"ಸೋಲೋದಾ? ಮುಂದಿನ ವಾರ ಬನ್ನಿ. ನಿಮ್ಮ ಬಾಯಿ ಮುಚ್ಚಿಸ್ತೀನಿ."

ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. ಗಂಡನ ಮುಖ ನೋಡಿ ಬಾಗಿಲಲ್ಲೇ ನಿಂತಳು. ಅವನು ನಗುತ್ತಿದ್ದ.

ಗುರುವಾರ ಬೆಳಿಗ್ಗೆ ಹಲ್ಲಣ್ಣ ಹೋದ.

ಬಂದವರೆಲ್ಲ ಚದುರಿದ ಮೇಲೆ ಓರಗಿತ್ತಿಯರಿಬ್ಬರೇ ಉಳಿದರು. ಮಂಚದ ಹಾಸಿಗೆ ಸುತ್ತಿ ಇಟ್ಟಾಗಿತ್ತು. ಹೆಂಡತಿ ಕಣ್ಣೊರೆಸಿಕೊಂಡು, "ಅಕ್ಕ, ನಿಮಗೆ ಒಂದು ಮಾತು ಹೇಳ್ಬೇಕು. ನನಗೆ ಇದರ ತಲೆಬುಡ ಗೊತ್ತಿಲ್ಲ. ಭಾನುವಾರದವರೆಗೆ ಇರ್ತೀನೋ ಇಲ್ವೋ ಅಂತ ಅವರು ನನಗೆ ಬಾಯಿಪಾಠ ಮಾಡಿಸಿದ್ರು. ತಪ್ಪಿದ್ರೆ ಬೈದು ಮತ್ತೆ ಹೇಳಿಸಿದ್ರು" ಎಂದಳು.

"ಹೇಳು."

ಅವಳು ಪಾಠ ಒಪ್ಪಿಸುವಂತೆ ನೆಟ್ಟಗೆ ಕೂತಳು. "ಅಲಿ ಹೇಳೋದೆಲ್ಲ ಬರೀ ಬಡಾಯಿ, ಅವನ ಒಂದು ಮಾತೂ ನಂಬಬಾರದು ಅಂತ ನೀವು ಯಾವಾಗಲೂ ಅಂತಿದ್ರಂತೆ. ಹಾಗಾದ್ರೆ ಅವನು ಹೇಳಿದ್ದರಲ್ಲಿ ನಿಮಗೆ ಬೇಕಾದ ಈ ಒಂದು ಮಾತನ್ನ ಮಾತ್ರ ಯಾಕೆ ನಂಬ್ತೀರಿ? ಇಷ್ಟೇ. ಇದನ್ನ ಹೇಳಿ ಅತ್ತಿಗೆ ಮುಖ ನೋಡು ಅಂದ್ರು."

ಅತ್ತಿಗೆಗೆ ಅದು ತಾಗಿತು. ಒಳ್ಳೆಯ ಏಟು. ಗಂಡನಿದ್ದಿದ್ದರೆ ತೊಡೆ ತಟ್ಟಿಕೊಂಡು ನಗುತ್ತಿದ್ದ. ಓರಗಿತ್ತಿ ಅವರ ಮುಖವನ್ನೇ ನೋಡುತ್ತಿದ್ದಳು, ಹೂಂ ಎಂದುಬಿಟ್ಟರೆ ಇಬ್ಬರಿಗೂ ಸಮಾಧಾನವಾಗುತ್ತಿತ್ತು. ಆ ಹೂಂ ನಾಲಿಗೆಯ ತುದಿಗೂ ಬಂತು.

ಅವರು ಅದನ್ನು ನುಂಗಿದರು. ಕಣ್ಣೀರು ಸುರಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ.

"ಒಪ್ಪಲ್ಲ" ಎಂದರು. "ತನ್ನ ಬಗ್ಗೆ ಹೇಳಿಕೊಂಡರೆ ಅದು ಬಡಾಯಿ. ಇನ್ನೊಬ್ಬನ ಬಗ್ಗೆ ಹೇಳಿದ್ದು ಬಡಾಯಿ ಹೇಗಾಗುತ್ತೆ? ಅಷ್ಟೂ ಗೊತ್ತಾಗಲ್ವಾ ಅವನಿಗೆ?"